ಎರಡೂ ಕಡೆ ಫ್ಲಾನೆಲ್ ಹಾಕಿ ಕೌದಿ ಹೊಲಿಯುವುದು ಹೇಗೆ?

ಪ್ರಶ್ನೆ (ಧಾರವಾಡ): ಡಬಲ್ ಕಾಟಿಗೆ ಕೌದಿ ಹೊಲಿಯಬೇಕು. ನಮ್ಮವ್ವ ಹಳೇ ಸೀರೆಯಲ್ಲಿ ಕೈಯಿಂದಲೇ ಹೊಲಿಯುತ್ತಾಳೆ. ನನಗೆ ಮೆತ್ತಗಿನದು ಬೇಕು. ಒಂದು ಕಡೆ ಚೌಕಳಿ ಫ್ಲಾನೆಲ್ (ನವಿರು ನಾರೆದ್ದ ಮೆತ್ತಗಿನ ಬಟ್ಟೆ), ಇನ್ನೊಂದು ಕಡೆ ಪ್ಲೇನ್. ನಡುವೆ ಹತ್ತಿ ಹಾಕಲೇಬೇಕಾ? ಮನೆಯಲ್ಲಿರುವುದು ಕಾಲಿಂದ ತುಳಿಯುವ ಮಷೀನ್.

ಉತ್ತರ (ಹುಬ್ಬಳ್ಳಿ, ಟೇಲರಿಂಗ್ ಮಾಡುವಾಕೆ): ಹತ್ತಿ ಬೇಡ ತಂಗಿ. ನಮ್ಮ ಕಡೆ ಚಳಿ ಎಷ್ಟಿರುತ್ತದೆ? ಡಿಸೆಂಬರ್, ಜನವರಿ, ಅಷ್ಟೇ. ನಡುವೆ ಹಳೇ ಕಾಟನ್ ಸೀರೆ ಒಂದು ಪದರ ಸಾಕು. ಆದರೆ ಕತ್ತರಿಸುವ ಮೊದಲು ಎರಡೂ ಫ್ಲಾನೆಲ್ ಒಗೆದು ಒಣಗಿಸಿ. ಅದು ಕುಗ್ಗುವ ಬಟ್ಟೆ. ಒಂದು ಜಾಸ್ತಿ, ಒಂದು ಕಡಿಮೆ ಕುಗ್ಗಿದರೆ ಕೌದಿ ಸೊಟ್ಟಗಾಗುತ್ತದೆ. ಎಳೆ ಬೇಗ ಬಿಚ್ಚುತ್ತದೆ, ಅದಕ್ಕೆ ಅಂಚಿಗೆ ಅರ್ಧ ಇಂಚು ಬಿಡಿ. 16 ನಂಬರ್ ಸೂಜಿ, ಉದ್ದ ಹೊಲಿಗೆ. ಹೊಲಿಯುವಾಗ ಮೇಲಿನ ಫ್ಲಾನೆಲ್ ಮುಂದೆ ಜರುಗುತ್ತದೆ, ಆದ್ದರಿಂದ ಮೊದಲು ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿ. ಸುಮ್ನೆ ಪಿನ್ ನಂಬಬೇಡಿ.

ಉತ್ತರ (ಗದಗ): ಬಾಬಿನ್ ಕೇಸ್ (ಮಷೀನಿನಲ್ಲಿ ಕೆಳದಾರದ ಉರುಳೆ ಕೂರುವ ಡಬ್ಬಿ) ಆಗಾಗ ಬಿಚ್ಚಿ ನೋಡಿ. ಫ್ಲಾನೆಲ್ಲಿನ ನಾರು ತುಂಬಿಕೊಂಡು ಹೊಲಿಗೆ ತಪ್ಪುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ ಸಾಕು.

ಪ್ರಶ್ನೆ ಕೇಳಿದವರು: ಅಕ್ಕಾರ, ಹೊಲಿಗೆ ಸಾಲುಗಳನ್ನು ಅವ್ವನ ಹಾಗೆ ಕೈಯಿಂದ ಹಾಕಿದರೆ?

ಉತ್ತರ (ಹುಬ್ಬಳ್ಳಿ): ಇನ್ನೂ ಚೊಲೋ! ಅಂಚಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬನ್ನಿ. ಆದರೆ ದಪ್ಪ ದಾರ ತಗೊಳ್ಳಿ, ಬೆರಳಿಗೆ ಟೋಪಿ ಹಾಕಿಕೊಳ್ಳಿ. ಮೂರು ಪದರ ಚುಚ್ಚುವುದು ಸೀರೆಯಷ್ಟು ಸಲೀಸಲ್ಲ.