ಅಪ್‌ಡೇಟ್: ಸಿಎನ್‌ಸಿ ಆಪರೇಟರ್‌ನಿಂದ ಸೆಟ್ಟರ್ ಆಗುವ ದಾರಿ ಸಿಕ್ಕಿತು

ಐಟಿಐ ಟರ್ನರ್ ಮುಗಿಸಿ ಪೀಣ್ಯದ ಕಾರ್ಖಾನೆ ಸೇರಿದವನು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್‌ಗೆ ಬಿಡಿಭಾಗ ಕಚ್ಚಿಸಿ ಗುಂಡಿ ಒತ್ತುವುದರಲ್ಲೇ ಉಳಿದಿದ್ದೇನೆ, ಸೆಟ್ಟರ್ (ಹೊಸ ಬಿಡಿಭಾಗಕ್ಕೆ ಯಂತ್ರ ಸಜ್ಜುಗೊಳಿಸಿ ಅಳತೆ ಹೊಂದಿಸುವವನು) ಆಗುವುದು ಹೇಗೆ ಎಂದು ಈ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ನಮಸ್ಕಾರ. ಕೆಲಸ ಆಗಿದೆ.

‘ಕಂಪನಿ ಬದಲಿಸಿ’ ಎಂಬ ಸಲಹೆ ಫಲಿಸಲಿಲ್ಲ. ಹೋದಲ್ಲೆಲ್ಲ ಸೆಟ್ಟಿಂಗ್ ಅನುಭವ ಎಷ್ಟು ಎಂಬುದೇ ಮೊದಲ ಪ್ರಶ್ನೆ. ಎಚ್‌ಆರ್‌ಗೆ ಬರೆದ ಪತ್ರಕ್ಕೆ ಉತ್ತರವಿಲ್ಲ, ಬರುವ ಲಕ್ಷಣವೂ ಇಲ್ಲ.

ಕೈಹಿಡಿದದ್ದು ‘ಜಾಬ್ (ಯಂತ್ರದಲ್ಲಿ ತಯಾರಾಗುವ ಬಿಡಿಭಾಗ) ಬದಲಾಗುವ ಹೊತ್ತಿಗೆ ಸೆಟ್ಟರ್ ಪಕ್ಕ ನಿಂತುಕೊಳ್ಳಿ’ ಎಂದವರ ಮಾತು. ಎರಡನೇ ಪಾಳಿಯ ಸೆಟ್ಟರ್ ಅಣ್ಣನನ್ನು ಕೇಳಿದೆ. ಅವರಿಂದ ಕಲಿತದ್ದೊಂದು: ಶಾಫ್ಟ್‌ನ ವ್ಯಾಸ 0.02 ಮಿ.ಮೀ. ಹೆಚ್ಚು ಬಂದರೆ ವೇರ್ ಆಫ್‌ಸೆಟ್‌ನ (ಕತ್ತರಿಸುವ ಟೂಲ್ ಸವೆದಂತೆ ಯಂತ್ರದಲ್ಲಿ ತುಂಬುವ ತಿದ್ದುಪಡಿ) ಎಕ್ಸ್‌ನಲ್ಲಿ, ಅಂದರೆ ವ್ಯಾಸದ ದಿಕ್ಕಿನಲ್ಲಿ, ಅಷ್ಟನ್ನೇ ಕಳೆಯಬೇಕು, ಅರ್ಧವನ್ನಲ್ಲ. ನಮ್ಮ ಯಂತ್ರದ್ದು ವ್ಯಾಸದ ಲೆಕ್ಕ, ತ್ರಿಜ್ಯದ್ದಲ್ಲ. ಅವರು ಇದನ್ನು ಬಾಯಲ್ಲಿ ಹೇಳಲಿಲ್ಲ. ಮೈಕ್ರೋಮೀಟರ್ ಕೈಗಿತ್ತು, ನನ್ನಿಂದಲೇ ಅಳೆಸಿ, ತಿದ್ದಿಸಿ, ಮತ್ತೆ ಅಳೆಸಿದರು.

ಅಚ್ಚರಿಯೆಂದರೆ, ವಿದ್ಯೆ ಬಿಟ್ಟುಕೊಡಲು ಅವರು ಹಿಂಜರಿಯಬಹುದು ಎಂದುಕೊಂಡಿದ್ದೆ. ಅವರಿಗೋ ಬದಲಿ ಜನರಿಲ್ಲದೆ ಹಬ್ಬಕ್ಕೂ ರಜೆ ಸಿಗುತ್ತಿರಲಿಲ್ಲ! ಸೂಪರ್‌ವೈಸರ್ ಬಳಿ ನನ್ನ ಹೆಸರು ಎತ್ತಿದ್ದು ಅವರೇ.

ರಾಜಾಜಿನಗರದ ಜಿಟಿಟಿಸಿಯ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಅಲ್ಪಾವಧಿ ಕೋರ್ಸ್ ಸೂಚಿಸಿದವರಿಗೆ: ಸಲಹೆ ಒಳ್ಳೆಯದೇ, ನನ್ನ ಪಾಳಿಗೆ ಹೊಂದಲಿಲ್ಲ. ಪ್ರೋಗ್ರಾಮಿಂಗ್ ಕಲಿಯಲು ಮುಂದೆ ಅಲ್ಲಿಗೇ ಹೋಗುತ್ತೇನೆ.

ಸಂಬಳ ಸದ್ಯಕ್ಕೆ ಹಳೆಯದೇ. ಮೂರು ತಿಂಗಳ ನಂತರ ಹೆಚ್ಚಿಸುತ್ತೇವೆ ಎಂದಿದ್ದಾರೆ. ನಿಮ್ಮಲ್ಲೊಬ್ಬರು ಎಚ್ಚರಿಸಿದ್ದರಿಂದ ಅದನ್ನು ಬರಹದಲ್ಲೇ ಪಡೆದಿದ್ದೇನೆ.