‘ಡ್ರೈ ಸೆಪ್ಟೆಂಬರ್’ ಕತೆಯಲ್ಲಿ ಸೆಕೆ ಕಾರಣವೋ, ನೆಪವೋ?

ಪದವಿ ವಿದ್ಯಾರ್ಥಿನಿ, ವಿರಾಜಪೇಟೆ

ಎಲ್ಲರಿಗೂ ನಮಸ್ಕಾರ. ವಿಲಿಯಂ ಫಾಕ್ನರ್ ಅವರ, 1931ರಲ್ಲಿ ಪ್ರಕಟವಾದ ಈ ಕತೆಯ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. 62 ದಿನ ಮಳೆ ಕಾಣದ ಅಮೆರಿಕದ ದಕ್ಷಿಣ ಭಾಗದ ಪಟ್ಟಣವೊಂದರಲ್ಲಿ, ಮಿನ್ನಿ ಕೂಪರ್ ಎಂಬ ಬಿಳಿಯ ಹೆಂಗಸಿನ ಮೇಲೆ ಕಪ್ಪು ಗಂಡಸೊಬ್ಬ ಕೈಮಾಡಿದನೆಂದು ಹಬ್ಬಿದ ಗಾಳಿಸುದ್ದಿಯನ್ನೇ ನಂಬಿ, ವಿಲ್ ಮೇಯ್ಸ್ ಎಂಬ ಕಪ್ಪು ಕಾವಲುಗಾರನನ್ನು ಬಿಳಿಯರ ಗುಂಪೊಂದು ಕಾರಿನಲ್ಲಿ ಎಳೆದೊಯ್ಯುತ್ತದೆ. ಈ ಹಿಂಸೆಗೆ ಸೆಕೆಯೇ ಕಾರಣವೆಂದು ಬರೆಯಬಹುದೇ? ವಿಲ್‌ನನ್ನು ಉಳಿಸಲೆಂದು ಜೊತೆಗೆ ಹೋದ ಕ್ಷೌರಿಕ ಹಾಕ್‌ಶಾ ತಾನೂ ಅವನಿಗೆ ಹೊಡೆಯುವುದೇಕೆ?

ನಿವೃತ್ತ ಉಪನ್ಯಾಸಕ, ಮಡಿಕೇರಿ

ಹಾಗೆ ಬರೆಯಬೇಡಮ್ಮ. ಮೊದಲ ಭಾಗವನ್ನು ಇನ್ನೊಮ್ಮೆ ಓದು. ಈ ಹವೆ ಮನುಷ್ಯನಿಂದ ಏನನ್ನು ಬೇಕಾದರೂ ಮಾಡಿಸೀತು ಎನ್ನುವವನು ಲೇಖಕನಲ್ಲ, ಕ್ಷೌರದಂಗಡಿಯಲ್ಲಿ ಕುಳಿತ ಒಬ್ಬ ಗಿರಾಕಿ. ಗುಂಪಿನ ಮುಂದಾಳು ಮೆಕ್ಲೆಂಡನ್ ಬಾಗಿಲು ದಾಟಿ ಒಳಗೆ ಬರುವ ಮೊದಲೇ ನೆಪ ಸಿದ್ಧವಾಗಿರುತ್ತದೆ. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ತಡವಾದ ವರ್ಷ ನಮ್ಮ ಕಾಫಿ ತೋಟಗಳಲ್ಲಿಯೂ ಮಾತು ಬಿರುಸಾಗುತ್ತದೆ, ಆದರೆ ಆ ಸಿಡುಕು ಯಾರ ಮೇಲೆ ಹರಿಯಬೇಕೆಂದು ಆಕಾಶ ತೀರ್ಮಾನಿಸುವುದಿಲ್ಲ. ಎದುರಾಡಲಾರದವರು ಯಾರೆಂಬುದು ಊರಿಗೆ ಮೊದಲೇ ಗೊತ್ತಿರುತ್ತದೆ.

ನಿನ್ನ ಎರಡನೆಯ ಪ್ರಶ್ನೆಯಲ್ಲಿಯೇ ಕತೆಯ ಜೀವವಿದೆ. ವಿಲ್ ಕೋಳ ತೊಡಿಸಿದ ಕೈಗಳನ್ನು ಬೀಸಿದಾಗ ಏಟು ಬೀಳುವುದು ಹಾಕ್‌ಶಾನ ಬಾಯಿಗೆ, ನಿಜಸಂಗತಿಯನ್ನು ಮೊದಲು ತಿಳಿಯೋಣ ಎಂದು ಅಂಗಡಿಯಲ್ಲಿ ವಾದಿಸಿದ ಅದೇ ಬಾಯಿಗೆ. ಮರುಕ್ಷಣ ಅವನ ಕೈಯೂ ಏಳುತ್ತದೆ. ಅಲ್ಲಿಯವರೆಗೆ ಅವನ ನ್ಯಾಯಬುದ್ಧಿ ಮಾತಿನಲ್ಲಿತ್ತು. ಏಟು ತನ್ನ ಮೈಗೇ ತಗಲಿದಾಗ, ಹುಟ್ಟಿನಿಂದ ಬಂದ ಬಿಳಿಯನ ಅಭ್ಯಾಸ ಮಾತಿಗಿಂತ ಬೇಗ ಎಚ್ಚರಗೊಳ್ಳುತ್ತದೆ. ಆಮೇಲೆ ಅವನು ಓಡುವ ಕಾರಿನಿಂದ ಹಾರುತ್ತಾನೆ, ಆದರೆ ಹಾಗೆ ಹಾರಿ ಉಳಿಸಿಕೊಳ್ಳುವುದು ತನ್ನನ್ನು ಮಾತ್ರ.

ಓದುಗ, ಪೊನ್ನಂಪೇಟೆ

ಸರ್, ಹಾಕ್‌ಶಾನ ಬಗ್ಗೆ ನೀವು ಸ್ವಲ್ಪ ಕಠಿಣವಾದಿರಿ ಎನಿಸುತ್ತದೆ. ಅಷ್ಟು ಜನರ ನಡುವೆ ವಿಲ್ ಒಳ್ಳೆಯವನೆಂದು ಬಾಯಿಬಿಟ್ಟು ಹೇಳಿದವನು ಅವನೊಬ್ಬನೇ. ಆದರೂ ಆ ಏಟನ್ನು ನಾನು ಮರೆಯಲಾರೆ.

ಯಾರೂ ಹೆಚ್ಚು ಗಮನಿಸದ ಇನ್ನೊಂದು ಪ್ರತೀಕವನ್ನು ಹೇಳುತ್ತೇನೆ. ವಿಲ್ ಕಾವಲಿದ್ದುದು ಮಂಜುಗಡ್ಡೆಯ ಕಾರ್ಖಾನೆಯಲ್ಲಿ. ಕಾದು ಬೆಂದ ಆ ಊರಿಗೆ ತಂಪು ಸಿಗುವ ಜಾಗದಿಂದಲೇ ಅವನನ್ನು ಎಳೆದೊಯ್ಯುತ್ತಾರೆ. ನಾಲ್ಕನೆಯ ಭಾಗದಲ್ಲಿ ಸಿನಿಮಾ ನೋಡುತ್ತಾ ಕುಳಿತ ಮಿನ್ನಿಗೆ ನಗು ಉಕ್ಕುತ್ತದೆ, ನಿಲ್ಲಿಸಲಾಗುವುದಿಲ್ಲ. ಗೆಳತಿಯರು ಮನೆಗೆ ಕರೆತಂದು ಮಲಗಿಸಿ, ಮಂಜುಗಡ್ಡೆ ಒಡೆದು ಅವಳ ಕಣತಲೆಗೆ ಇಡುತ್ತಾರೆ. ನಗು ಒಂದಿಷ್ಟು ಹೊತ್ತು ಅಡಗುತ್ತದೆ, ಮತ್ತೆ ಏಳುತ್ತದೆ. ನಿಜವಾಗಿಯೂ ಏನಾದರೂ ನಡೆದಿತ್ತೇ ಎಂದು ಆ ಗೆಳತಿಯರು ಪಿಸುಗುಟ್ಟುವುದು ಆ ಕೋಣೆಯಲ್ಲಿ, ವಿಲ್‌ನ ಕತೆ ಮುಗಿದ ಮೇಲೆ.

ಕೊಲೆಯನ್ನಂತೂ ಫಾಕ್ನರ್ ತೋರಿಸುವುದೇ ಇಲ್ಲ. ಹಾಳುಬಿದ್ದ ಇಟ್ಟಿಗೆ ಗೂಡಿನ ಕಡೆಗೆ ಕಾರುಗಳು ಹೋಗುತ್ತವೆ, ಹಿಂತಿರುಗುತ್ತವೆ, ಅಷ್ಟೇ. ನಾವು ಹಾಕ್‌ಶಾನ ಜೊತೆ ರಸ್ತೆಬದಿಯ ಕಳೆಗಿಡಗಳ ಮರೆಯಲ್ಲಿ ಅಡಗಿ, ಧೂಳು ತಗ್ಗುವುದನ್ನು ಕಾಯುತ್ತೇವೆ.

ಪದವಿ ವಿದ್ಯಾರ್ಥಿನಿ, ವಿರಾಜಪೇಟೆ

ಇಬ್ಬರಿಗೂ ಧನ್ಯವಾದಗಳು. ಸೆಕೆ ಕಾರಣವಲ್ಲ ಎಂಬುದಕ್ಕೆ ಕೊನೆಯ ಭಾಗವೂ ಒದಗುತ್ತದೆ ಎನಿಸುತ್ತಿದೆ ಸರ್. ಮೆಕ್ಲೆಂಡನ್ ಮನೆಗೆ ಬಂದು, ತನಗಾಗಿ ಎದ್ದು ಕಾದಿದ್ದ ಹೆಂಡತಿಯನ್ನು ಹೊಡೆದು ಕುರ್ಚಿಯ ಮೇಲೆ ತಳ್ಳುತ್ತಾನೆ. ಅಂಗಿಯಿಂದ ಮೈ ಒರೆಸಿಕೊಂಡಷ್ಟೂ ಬೆವರು ಕಿತ್ತುಬರುತ್ತದೆ. ಆ ಬೆವರಿನಿಂದಲೇ ಪ್ರಬಂಧವನ್ನು ಆರಂಭಿಸುತ್ತೇನೆ.