ನಾಮದ ಕೋಳಿ: ಊರವರಿಟ್ಟ ಹೆಸರೋ, ಪುಸ್ತಕದವರಿಟ್ಟ ಹೆಸರೋ?

ಚಳಿಗಾಲ ಬಂತೆಂದರೆ ಇಲ್ಲಿ ಪುಣೆಯ ಪಾಷಾಣ ಕೆರೆಗೆ ಕಪ್ಪು ಹಕ್ಕಿಗಳ ದಂಡೇ ಇಳಿಯುತ್ತದೆ. ಮೈಯೆಲ್ಲ ಮಸಿ, ಕಣ್ಣು ಕೆಂಪು, ಕೊಕ್ಕು ಮಾತ್ರ ಸುಣ್ಣದಷ್ಟು ಬಿಳಿ. ಆ ಬಿಳುಪು ಕೊಕ್ಕಿನಲ್ಲೇ ನಿಲ್ಲದೆ ಹಣೆಗೂ ಏರಿದೆ. ಇಂಗ್ಲಿಷಿನಲ್ಲಿ ಕೂಟ್, ನಮ್ಮ ಹಕ್ಕಿ ಪುಸ್ತಕಗಳಲ್ಲಿ ನಾಮದ ಕೋಳಿ.

ಹೋದ ಭಾನುವಾರ ದಂಡೆಯ ಮೇಲೆ ಸಿಕ್ಕ ಮರಾಠಿ ಅಜ್ಜರೊಬ್ಬರು ಕೆರೆಯತ್ತ ಕೈ ತೋರಿಸಿ 'ವಾರಕರಿ' ಎಂದರು. ವಾರಕರಿ ಅಂದರೆ ವಿಠ್ಠಲನ ದರ್ಶನಕ್ಕೆ ನಡೆದು ಹೋಗುವ ಭಕ್ತರಲ್ವಾ, ಪಂಢರಪುರಕ್ಕೆ ಹೊರಟವರು ಈ ಚಳಿಯಲ್ಲಿ ಎಲ್ಲಿಂದ ಬಂದರು ಅಂತ ನಾನು ರಸ್ತೆ ಕಡೆ ತಿರುಗಿ ನೋಡಿದೆ! ಮರಾಠಿಯಲ್ಲಿ ಈ ಹಕ್ಕಿಯ ಹೆಸರೇ ಅದಂತೆ. ಹಣೆಯ ಗಂಧ ನೋಡಿ ಹಾಗೆ ಕರೆದಿರಬೇಕು ಎಂಬುದು ಅವರ ಲೆಕ್ಕ. ನನಗೆ ಮಾತ್ರ ಅವು ಸಾಲುಗಟ್ಟಿ ಒಂದೇ ದಿಕ್ಕಿಗೆ ಈಜುವುದು ದಿಂಡಿಯ ಹಾಗೆ, ಅಂದರೆ ವಾರಕರಿಗಳ ಪಾದಯಾತ್ರೆಯ ತಂಡದ ಹಾಗೆ ಕಂಡಿತು. ಯಾವುದು ಸರಿಯೋ?

ನಾಮ ಅನ್ನುವುದಂತೂ ಅಚ್ಚುಕಟ್ಟಾಗಿ ಕೂರುತ್ತದೆ. ಶ್ರೀವೈಷ್ಣವರ ತೆಂಗಲೆ ಪಂಗಡದ ನಾಮದ ಪಾದ ಮೂಗಿನ ಮೇಲೆ ಇಳಿದಿರುತ್ತದಲ್ವಾ, ಇದೂ ಮೂಗಿನಿಂದಲೇ ಶುರು.

ನನ್ನ ಮಗಳು ಅದನ್ನು ಬಾತು ಅನ್ನುತ್ತಾಳೆ. ನೀರಿನ ಮೇಲೆ ತೇಲುವಾಗ ಹಾಗೇ ಕಾಣುತ್ತದೆ, ನಿಜ. ಆದರೆ ದಡ ಹತ್ತಿದಾಗ ನೋಡಬೇಕು. ಬಾತಿನ ಕೊಕ್ಕು ಚಪ್ಪಟೆ, ಇದರದ್ದು ಕೋಳಿಯಂತೆ ಚೂಪು. ಬಾತಿನ ಬೆರಳುಗಳನ್ನು ಪೊರೆ ಒಟ್ಟಿಗೆ ಹೆಣೆದಿರುತ್ತದೆ. ಇದಕ್ಕೆ ಒಂದೊಂದು ಬೆರಳಿಗೂ ಬಿಡಿಬಿಡಿಯಾಗಿ ಎಲೆಯಂಥ ಚರ್ಮ. ವಿಜ್ಞಾನಿಗಳೂ ಇದನ್ನು ಜಂಬುಕೋಳಿ, ಹುಂಡುಕೋಳಿಗಳ ಮನೆತನಕ್ಕೇ ಸೇರಿಸಿದ್ದಾರೆ. ಕೋಳಿ ಅಂದವರು ಕಣ್ಣಿಟ್ಟು ನೋಡಿಯೇ ಅಂದಿದ್ದಾರೆ.

ನಾಮ ಹಾಕುವುದು ಅಂದರೆ ಮೋಸ ಮಾಡುವುದು ತಾನೇ? ಇಲ್ಲಿ ಕತೆ ಉಲ್ಟಾ. ನಾಮದ ಕೋಳಿ ಮುಳುಗಿ ಬಾಯ್ತುಂಬ ಜೊಂಡು ತಂದಿತು. ಪಕ್ಕದಲ್ಲೇ ಸುಮ್ನೆ ತೇಲುತ್ತಿದ್ದ ಬೂದು ಬಾತೊಂದು, ಗ್ಯಾಡ್‌ವಾಲ್ ಇರಬೇಕು, ಅದನ್ನು ಕಿತ್ತುಕೊಂಡು ತಿಂದಿತು. ಎರಡು ಸಲ ಹೀಗೇ ಆಯಿತು. ಮೂರನೇ ಸಲ ಪಾಪ, ಅದು ಮುಳುಗಿ ದೂರದಲ್ಲೆಲ್ಲೋ ಎದ್ದಿತು.

ಈಗ ನನ್ನ ಪ್ರಶ್ನೆ. ಧಾರವಾಡದ ಕಡೆಯ ನಮ್ಮ ಅವ್ವ ಇಂಥವನ್ನೆಲ್ಲ ಒಟ್ಟಾಗಿ ನೀರುಕೋಳಿ ಅಂದುಬಿಡುತ್ತಾಳೆ. ನಾಮದ ಕೋಳಿ ಅನ್ನುವ ಮಾತನ್ನು ಪುಸ್ತಕದಲ್ಲಲ್ಲ, ಕೆರೆ ಪಕ್ಕದ ಊರಿನವರ ಬಾಯಲ್ಲೇ ಕೇಳಿದವರು ಇದ್ದೀರಾ? ಯಾವ ಜಿಲ್ಲೆಯಲ್ಲಿ? ನಾಮಕ್ಕಿಂತ ವಿಭೂತಿಯೇ ಜಾಸ್ತಿ ಕಾಣುವ ನಮ್ಮ ಕಡೆ ಇದಕ್ಕೆ ಬೇರೆ ಹೆಸರಿದ್ದರೆ ಅದನ್ನೂ ತಿಳಿಸಿ. ವಿಭೂತಿ ಕೋಳಿ ಅಂದಿರಲಾರರು, ಅದು ಅಡ್ಡ, ಇದು ಉದ್ದ.